ಬಾಸ್ಟನ್ನಿನಲ್ಲಿ ಬಿಟ್ಟ ಉದಕ

ಕೋಥರೂಡ

ಅಮೆರಿಕಕ್ಕೆ ಹೋದದ್ದು ಧರ್ಮಗುರುವಾಗಿ, ತಿರುಗಿ ಬಂದದ್ದು ಮೊದಲಿನ ಭಟ್ಟನಾಗಿಯೇ. ನಡುವಿನ ಕೆಲವು ದಿನ ನನ್ನ ಕೊರಳಲ್ಲಿ ಒಂದು ಚೀಟಿ ನೇತಾಡುತ್ತಿತ್ತು. ಅದರ ಮೇಲೆ ಇಂಗ್ಲಿಷಿನಲ್ಲಿ ನನ್ನ ಹೆಸರಿನ ಹಿಂದೆ 'ಪರಮಪೂಜ್ಯ' ಎಂಬರ್ಥದ ಮಾತಿತ್ತು. ಬಂದ ಮೇಲೆ ಅದನ್ನು ನನ್ನ ಹೆಂಡತಿ ಇಂದಿರಾಗೆ ತೋರಿಸಿದೆ. "ಪರಮಪೂಜ್ಯರು ಮೊದಲ ಗ್ಯಾಸಿನ ಟಾಕಿಗೆ ನಂಬರ ಹಚ್ಚಿ ಬರ್ರಿ" ಎಂದಳು.

ನಾನು ಧಾರವಾಡದವನು. ಪುಣೆಗೆ ಬಂದು ಅರ್ಧ ಆಯುಷ್ಯ ಆಯಿತು. ಕೋಥರೂಡದ ಸುತ್ತಮುತ್ತ ಇರುವ ಧಾರವಾಡ-ಬೆಳಗಾವಿ ಕಡೆಯ ಮನೆಗಳಿಗೆ ಸತ್ಯನಾರಾಯಣ, ವಾಸ್ತುಶಾಂತಿ, ಮುಂಜಿವೆ, ಶ್ರಾದ್ಧ ಎಲ್ಲ ನಾನೇ. ಬೆಂಗಳೂರಿನ ಕಂಪ್ಯೂಟರ್ ಹುಡುಗರು ಬಂದ ಮೇಲೆ ಗೃಹಪ್ರವೇಶಗಳೂ ಹೆಚ್ಚಾದವು. ಅವರು ಮಂತ್ರದ ನಡುವೆ, "ಶಾಸ್ತ್ರಿಗಳೇ, ಇದರ ಶಾರ್ಟ್ ವರ್ಶನ್ ಇಲ್ವಾ?" ಎಂದು ಕೇಳುವವರು. ಇದೆ, ಯಾವುದಕ್ಕೂ ಇದೆ. ಪೂಜೆಯಲ್ಲಿ ವಸ್ತ್ರ ಇಲ್ಲದಿದ್ದರೆ 'ವಸ್ತ್ರಾರ್ಥೇ ಅಕ್ಷತಾನ್ ಸಮರ್ಪಯಾಮಿ' ಎಂದು ನಾಲ್ಕು ಅಕ್ಷತೆ ಹಾಕುತ್ತೇವೆ. ಆಭರಣ ಇಲ್ಲದಿದ್ದರೆ ಆಭರಣದ ಬದಲು ಅಕ್ಷತೆ. ಇಲ್ಲದ್ದಕ್ಕೆಲ್ಲ ಅಕ್ಷತೆ ಎಂಬುದು ನಮ್ಮ ವೃತ್ತಿಯ ದೊಡ್ಡ ಅನುಕೂಲ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ನನ್ನ ತಂಗಿಯ ಮಗಳು ಸುವರ್ಣಾ. ಗಂಡ ಚಾಕಣದ ಮೋಟಾರು ಭಾಗಗಳ ಕಾರಖಾನೆಯಲ್ಲಿ ಇದ್ದ. ಅವನಿಗೆ ಎಚ್‌ಐವಿ ಇದ್ದದ್ದು ಗೊತ್ತಾಗಿದ್ದು ಅವನು ಹಾಸಿಗೆ ಹಿಡಿದ ಮೇಲೆ. ಅವನ ಹದಿಮೂರನೆಯ ದಿನ ಮುಗಿಯುವಷ್ಟರಲ್ಲಿ ಇವಳಿಗೂ ಇದೆ ಎಂದು ಗೊತ್ತಾಯಿತು. ಅತ್ತೆಯ ಮನೆಯವರು ಅವಳ ಟ್ರಂಕನ್ನು ಹೊರಗಿಟ್ಟು ಬಾಗಿಲು ತೊಳೆದರು. ನಾನು ಹೋಗಿ ಕರೆದುಕೊಂಡು ಬಂದೆ.

ನಮ್ಮ ಮನೆಯಲ್ಲಿ ಅವಳು ಅಡಿಗೆ ಮಾಡುತ್ತಾಳೆ, ನಾವು ಉಣ್ಣುತ್ತೇವೆ ಎಂಬ ಸುದ್ದಿ ಕೋಥರೂಡದಲ್ಲಿ ಮಂಗಳಾರತಿಗಿಂತ ಬೇಗ ಸುತ್ತಿತು. ಯಾರೂ ಜಗಳವಾಡಲಿಲ್ಲ, ನಮ್ಮ ಮಂದಿ ಭಾಳ ಸಭ್ಯರು. "ನಿಮ್ಮ ಮ್ಯಾಲೆ ಭಕ್ತಿ ಅದರೀ ಭಟ್ಟರ, ಆದರ ಈ ವರ್ಷ ಕ್ಯಾಸೆಟ್ ಹಚ್ಚಿ ಪೂಜಾ ಮಾಡಬೇಕು ಅಂತ ಮಾಡೇವಿ" ಎಂದು ಒಬ್ಬೊಬ್ಬರಾಗಿ ಫೋನು ಮಾಡಿದರು. ಕ್ಯಾಸೆಟ್ಟಿಗೆ ರೋಗ ಬರುವುದಿಲ್ಲ, ದಕ್ಷಿಣೆಯನ್ನೂ ಕೇಳುವುದಿಲ್ಲ. ಒಂದು ಮನೆಯಲ್ಲಿ ಪೂಜೆಯ ನಡುವೆ ಟೇಪು ಸಿಕ್ಕಿಕೊಂಡು ದೇವರಿಗೆ ಆಚಮನ ಮಾಡಿಸುತ್ತಲೇ ಇತ್ತಂತೆ. ಕೇಳಿ ನನಗೆ ಸಂತೋಷವಾಯಿತು, ಯಾಕೆ ಸುಳ್ಳು ಹೇಳಲಿ.

ಸುವರ್ಣಾ ಔಷಧಕ್ಕೆ ಹೋಗುತ್ತಿದ್ದದ್ದು ಕ್ರೈಸ್ತ ಸಿಸ್ಟರುಗಳ ಸಣ್ಣ ದವಾಖಾನೆಗೆ. ಅದನ್ನು ನಡೆಸುವವರು ಸಿಸ್ಟರ್ ಫಿಲೋಮಿನಾ, ಮಂಗಳೂರಿನವರು, ಸ್ವತಃ ಡಾಕ್ಟರು. ಅವರೊಂದು ದಿನ ಮನೆಗೆ ಬಂದರು. ಬಾಸ್ಟನ್ನಿನಲ್ಲಿ ಎಲ್ಲ ಧರ್ಮದವರ ಸಭೆಯಂತೆ, ಬಡ ದೇಶದ ರೋಗಿಗಳಿಗೂ ಈ ಗುಳಿಗೆ ಸಿಗಬೇಕು ಎಂದು ಒತ್ತಾಯಿಸುವುದಕ್ಕೆ. ಅದಕ್ಕೊಬ್ಬ ಹಿಂದೂ ಬೇಕಾಗಿತ್ತು.

"ಎಷ್ಟು ಮಠ ಸುತ್ತಿದೆ ಗೊತ್ತುಂಟಾ ಭಟ್ರೇ? ಎಲ್ಲರೂ ಆಶೀರ್ವಾದ ಕಳಿಸ್ತೇವೆ ಅಂತಾರೆ, ಮನುಷ್ಯ ಮಾತ್ರ ಬರುವುದಿಲ್ಲ. ರೋಗಿಯ ಕೈಯಲ್ಲಿ ಊಟ ಮಾಡುವ ಪುರೋಹಿತರು ನೀವೊಬ್ಬರೇ ಸಿಕ್ಕಿದ್ದು ಮಾರಾಯ್ರೇ."

ಸತ್ಯನಾರಾಯಣಗಳನ್ನು ಕಳಕೊಂಡ ಕಾರಣಕ್ಕೇ ನನಗೆ ಅಮೆರಿಕ ಸಿಕ್ಕಿತು.

ವಿಷಯ ಏನೆಂದು ಸಿಸ್ಟರ್ ತಿಳಿಸಿ ಹೇಳಿದರು. ಗುಳಿಗೆಗೆ ಪೇಟೆಂಟು ಎಂಬ ಹಕ್ಕು ಇರುತ್ತದೆ. ಸುವರ್ಣಾಗೆ ಬೇಕಾದ ಒಂದು ಗುಳಿಗೆಯ ಹಕ್ಕು ಒಂದು ಅಮೆರಿಕದ ಕಂಪನಿಯದು. ಅದೇ ಔಷಧ ನಮ್ಮ ದೇಶದಲ್ಲೂ ತಯಾರಾಗುತ್ತಿತ್ತು, ಬಹಳ ಅಗ್ಗ. ಆದರೆ ದವಾಖಾನೆಗೆ ಹಣ ಕೊಡುವ ಪರದೇಶದ ದಾನಿಗಳ ಶರತ್ತು ಏನೆಂದರೆ, ಹಕ್ಕು ಇದ್ದವರ ಗುಳಿಗೆಯನ್ನೇ ಕೊಳ್ಳಬೇಕು. ಆ ಬೆಲೆಯಲ್ಲಿ ಕೈಬೆರಳೆಣಿಕೆಯ ಮಂದಿಗೆ ಔಷಧ, ಉಳಿದವರಿಗೆ ಕಾಯುವ ಬೆಂಚು. ಸರಕಾರದ ಪುಕ್ಕಟೆ ಗುಳಿಗೆ ಇನ್ನೂ ಮಂತ್ರಿಗಳ ಬಾಯಲ್ಲಷ್ಟೇ ಇತ್ತು. ಕಂಪನಿಯವರು ಬಡ ದೇಶಗಳ ಮಟ್ಟಿಗೆ ಹಕ್ಕು ಬಿಟ್ಟರೆ ನಮ್ಮ ಅಗ್ಗದ್ದನ್ನೇ ಕೊಂಡು ಬೆಂಚಿನವರಿಗೆಲ್ಲ ಗುಳಿಗೆ. ಸುವರ್ಣಾ ಬೆಂಚಿನ ಮೇಲಿದ್ದಳು, ಅವಳ ರಕ್ತದ ರಿಪೋರ್ಟು ಸಲದಿಂದ ಸಲಕ್ಕೆ ಇಳಿಯುತ್ತಿತ್ತು.

ಮುಂಬಯಿ

ಹೋಗಬೇಕಾದವಳು ನಿಜವಾಗಿ ಸುವರ್ಣಾ. ರೋಗ ಇದ್ದವರ ಪರವಾಗಿ ಒಬ್ಬರು ಮಾತಾಡಲಿ ಎಂದು ಸಭೆಯವರು ಅವಳನ್ನೂ ಕರೆದಿದ್ದರು. ವೀಸಾದ ಕಿಟಕಿಯಲ್ಲಿ, ನಿಮಗೆ ಅಂಟುರೋಗವೇನಾದರೂ ಇದೆಯೇ ಎಂದು ಕೇಳಿದರು. ಸುವರ್ಣಾ ಇದೆ ಎಂದಳು. ಹಾಗಾದರೆ ವಿಶೇಷ ಅನುಮತಿ ಬೇಕು, ಕಾಯಿರಿ ಎಂದರು. ಸಭೆಯ ದಿನ ಬಂತು, ಅನುಮತಿ ಬರಲಿಲ್ಲ. ರೋಗದ ಬಗ್ಗೆ ಮಾತಾಡುವವರಿಗೆ ಆ ದೇಶದ ಬಾಗಿಲು ತೆರೆದಿತ್ತು, ರೋಗ ಇದ್ದವರಿಗೆ ಮುಚ್ಚಿತ್ತು. ಮಡಿ ಎನ್ನುವುದು ನಮ್ಮ ಅಜ್ಜಿಯೊಬ್ಬಳಿಗೇ ಗೊತ್ತಿದ್ದ ವಿದ್ಯೆ ಎಂದುಕೊಂಡಿದ್ದೆ.

ಹೊರಡುವ ದಿನ ಸುವರ್ಣಾ ನನ್ನ ಕೈಯಲ್ಲಿ ಚಕ್ಕಲಿಯ ಡಬ್ಬಿ ಕೊಟ್ಟಳು.

"ಮಾಮಾ, ನಾ ಅಂತೂ ಬರಲಿಲ್ಲ. ಅಲ್ಲೆ ನನ್ನ ಪರವಾಗಿ ಒಂದ ಮಾತ ಕೇಳ್ರಿ."

"ಏನ ಕೇಳಲೆವ್ವಾ?"

"ಯಾವಾಗ ಅಂತ ಕೇಳ್ರಿ. ಕೊಡ್ತಾರೋ ಇಲ್ಲೋ ಅಂತ ಕೇಳಬ್ಯಾಡ್ರಿ, ಕೊಡ್ತೀವಿ ಅಂತನ ಅಂತಾರ. ಯಾವಾಗ ಅಂತ ಕೇಳ್ರಿ."

ಬಾಸ್ಟನ್, ವಿಮಾನ ನಿಲ್ದಾಣ

ನನ್ನ ಚೀಲದಲ್ಲಿ ದರ್ಭೆ, ಅಕ್ಷತೆ, ಪಂಚಪಾತ್ರೆ, ಉದ್ಧರಣೆ, ಅರಿಷಿಣ, ಕುಂಕುಮ ಇದ್ದವು. ಅಲ್ಲಿಯ ಅಧಿಕಾರಿ ದರ್ಭೆಯನ್ನು ಎರಡು ಬೆರಳಿನಿಂದ ಎತ್ತಿ ಹಿಡಿದು ನಾಯಿಗೆ ಮೂಸಿಸಿದ. ನಾಯಿ ದೊಡ್ಡ ವಿಚಾರವಂತನ ಹಾಗೆ ಕುಳಿತುಕೊಂಡಿತು. ಇದು ಹುಲ್ಲೋ ಎಂದು ಅವನು ಕೇಳಿದ. ನನ್ನ ಜೊತೆಗೆ ಬಂದಿದ್ದ ಸಿಸ್ಟರ್ ಇಂಗ್ಲಿಷಿನಲ್ಲಿ, ಹೌದು, ಪವಿತ್ರವಾದ ಹುಲ್ಲು ಎಂದರು. ಆ ದೇಶದಲ್ಲಿ ಹುಲ್ಲು ಎಂದರೆ ಗಾಂಜಾ ಎಂಬರ್ಥವೂ ಇದೆಯಂತೆ, ನನ್ನನ್ನು ಒಳಗಿನ ಕೋಣೆಗೆ ಕರೆದರು. ಜನಿವಾರವನ್ನೂ ಎಳೆದು ನೋಡಿದರು. ಕೊನೆಗೆ ದರ್ಭೆ, ಅಕ್ಷತೆ, ಅರಿಷಿಣ ಕಸದ ಬುಟ್ಟಿಗೆ ಹೋದವು. ಚಕ್ಕಲಿಯನ್ನು ಬಿಟ್ಟರು. ಒಬ್ಬ ಅಧಿಕಾರಿ ಒಂದನ್ನು ತಿಂದು ನೋಡಿಯೇ ಬಿಟ್ಟ.

ಬಾಸ್ಟನ್, ಹೋಟೆಲು

ಈ ಊರಿನ ಮಂದಿ ಒಳ್ಳೆಯವರು. ಎದುರಿಗೆ ಬಂದವರೆಲ್ಲ ಹೇಗಿದ್ದೀರಿ ಎಂದು ಕೇಳುತ್ತಾರೆ, ಉತ್ತರಕ್ಕೆ ನಿಲ್ಲುವುದಿಲ್ಲ. ಮೊದಲ ದಿನ ನಾನು ಲಿಫ್ಟಿನಲ್ಲಿ ಒಬ್ಬಳಿಗೆ ನನ್ನ ಮೊಣಕಾಲಿನ ಕಥೆ ಶುರು ಮಾಡಿದೆ. ಪಾಪ, ಅವಳು ತನ್ನ ಮಹಡಿ ಬರುವ ಮೊದಲೇ ಇಳಿದುಹೋದಳು. ನಮ್ಮಲ್ಲಿ ಹಾಗಲ್ಲ. ಪುಣೆಯಲ್ಲಿ ಯಾರೂ ಹೇಗಿದ್ದೀರಿ ಎಂದು ಕೇಳುವುದೇ ಇಲ್ಲ, ನೋಡಿದ ಕೂಡಲೇ ಬಡವಾಗೀರಿ ಎಂದು ತೀರ್ಪು ಕೊಡುತ್ತಾರೆ.

ಊಟದ ಮೇಜುಗಳಿಗೆ ಹೆಸರುಪಟ್ಟಿ ಇತ್ತು. ಮಾಂಸ ತಿನ್ನದವರು, ಹಾಲನ್ನೂ ಮುಟ್ಟದವರು, ಮುಸಲ್ಮಾನರು, ಯಹೂದಿಗಳು, ಗೋದಿ ಒಲ್ಲದವರು. ಎಲ್ಲರೂ ಒಂದೇ ಎಂದು ಸಾರಲು ಬಂದವರು ಐದು ಮೇಜಿನಲ್ಲಿ ಕುಳಿತು ಉಂಡೆವು. ನಮ್ಮಲ್ಲಿ ಪಂಕ್ತಿಭೇದ ಎಂದು ಬೈಯುತ್ತಾರಲ್ಲ, ಅದಕ್ಕೆ ಒಂದು ಸುಂದರ ಚೀಟಿ ಹಚ್ಚಿದ್ದರೆ ನಾವೂ ಬಚಾವಾಗುತ್ತಿದ್ದೆವೇನೋ.

ಬಾಸ್ಟನ್, ಸಭೆ

ಸಭೆ ನಡೆದದ್ದು ಒಂದು ಹಳೆಯ ಚರ್ಚಿನ ಸಭಾಂಗಣದಲ್ಲಿ. ಎಲ್ಲವನ್ನೂ ನಡೆಸುತ್ತಿದ್ದವರು ಮಾರ್ಗರೇಟ್ ಎಂಬ ನರೆಗೂದಲಿನ ಹೆಂಗಸು. ಅಂತಃಕರಣ ಇದ್ದವರು. ಯಾರು ಸಿಕ್ಕರೂ ಅಪ್ಪಿಕೊಳ್ಳುತ್ತಿದ್ದರು, ನಾನು ಕೈಮುಗಿದು ಎರಡು ಸಲ ತಪ್ಪಿಸಿಕೊಂಡೆ, ಮೂರನೆಯ ಸಲ ಸಿಕ್ಕಿಬಿದ್ದೆ. ವೇದಿಕೆಯ ಬದಿಗೆ ಒಂದು ಖಾಲಿ ಕುರ್ಚಿ ಇಟ್ಟು ಕೆಂಪು ರಿಬ್ಬನ್ನು ಕಟ್ಟಿದ್ದರು. ಅದು ಬರಲಾರದೆ ಹೋದ ರೋಗಿಗಳ ಗೌರವಕ್ಕಂತೆ. ನಮ್ಮ ಸುವರ್ಣಾ ಕೋಥರೂಡದಲ್ಲಿ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದಾಳೆ, ಇಲ್ಲಿ ಅವಳ ಕುರ್ಚಿಗೆ ಸನ್ಮಾನ.

ಎರಡು ದಿನ ಪ್ರಾರ್ಥನೆಗಳಾದವು. ಗಂಟೆ ಬಾರಿಸಿದರು, ಶಂಖ ಊದಿದರು, ಮೇಣಬತ್ತಿ ಹಚ್ಚಿದರು, ಮತ್ತೆ ಮತ್ತೆ ಮೌನ ಆಚರಿಸಿದರು. ಮೌನಕ್ಕೆ ಖರ್ಚಿಲ್ಲ, ಧಾರಾಳವಾಗಿ ಬಡಿಸಿದರು. ನಾನು ಸಿಸ್ಟರಿನ ಕಿವಿಯಲ್ಲಿ, "ಇದೆಲ್ಲಾ ನಮಗ ಗೊತ್ತಿದ್ದದ್ದರೀ. ಔಷಧಾರ್ಥೇ ಅಕ್ಷತಾನ್ ಸಮರ್ಪಯಾಮಿ" ಎಂದು ಅರ್ಥವನ್ನೂ ಹೇಳಿದೆ. ಅವರು ಮೌನದ ನಡುವೆ ನಗು ತಡೆಯಲಾಗದೆ ಕೆಮ್ಮಿದರು.

ಮೊದಲ ದಿನ, ಸಭೆ ಹೊರಡಿಸಬೇಕಾದ ಠರಾವಿನಲ್ಲಿ, ಕಂಪನಿಗಳು ಬಡ ದೇಶಗಳಲ್ಲಿ ತಮ್ಮ ಹಕ್ಕನ್ನು ಬಿಟ್ಟುಕೊಡಬೇಕು ಎಂದಿತ್ತು. ಸಿಸ್ಟರ್ ಅದನ್ನು ನನಗೆ ಕನ್ನಡದಲ್ಲಿ ಓದಿ ಹೇಳಿದ್ದರು. ಸಂಜೆಯ ಚಹಾಕ್ಕೆ ಅದು, ಬಿಟ್ಟುಕೊಡುವ ಬಗ್ಗೆ ಆಲೋಚಿಸಬೇಕು ಎಂದಾಯಿತು. ಮರುದಿನ ಮುಂಜಾನೆ, ಆಲೋಚಿಸುವವರ ಜೊತೆಗೆ ನಾವು ಪ್ರಾರ್ಥನಾಪೂರ್ವಕ ಹೆಜ್ಜೆ ಹಾಕುತ್ತೇವೆ ಎಂದಾಯಿತು. ಯಾಕೆಂದು ಕೇಳಿದೆ. ಕೊನೆಯ ದಿನದ ಊಟ ಕಂಪನಿಯದು ಎಂದರು ಸಿಸ್ಟರ್.

"ಯಾವ ಕಂಪನೀದರೀ?"

"ಅದೇ ಭಟ್ರೇ. ನಮ್ಮ ಗುಳಿಗೆಯವರದ್ದೇ."

ಆ ಕಂಪನಿಯಿಂದ ಹ್ಯಾರಿಸ್ ಎಂಬವರು ಬಂದಿದ್ದರು. ಎತ್ತರದ ಆಳು, ಬೆಣ್ಣೆಯಂಥ ಮಾತು. ಬೆಲೆ ಒಂದೇ ಅಡಚಣೆಯಲ್ಲ ಎಂದು ಭಾಷಣದಲ್ಲಿ ಹೇಳಿದರು. ಈ ಗುಳಿಗೆಗಳನ್ನು ಹೊತ್ತಿಗೆ ಸರಿಯಾಗಿ ನುಂಗಬೇಕು, ಬಡ ದೇಶದ ಜನರಿಗೆ ಅಂಥ ಶಿಸ್ತು ಕಷ್ಟ ಎಂದರು. ಗಳಿಗೆ ನೋಡಿ ತಾಳಿ ಕಟ್ಟಿಸುವ ನನ್ನ ಎದುರಿಗೆ ಈ ಮಾತು! ನಮ್ಮ ಸುವರ್ಣಾ ಏಕಾದಶಿಯ ಪಾರಣೆಯನ್ನು ಎಂದೂ ಹೊತ್ತು ಮೀರಿಸಿದವಳಲ್ಲ. ಭಾಷಣ ಮುಗಿದ ಮೇಲೆ ಪ್ರಶ್ನೆಗೆ ಅವಕಾಶವಿತ್ತು. ನಾನು ಎದ್ದು, ಯಾವಾಗ ಕೊಡುತ್ತೀರಿ ಎಂದು ಕೇಳಿದೆ. ಸಿಸ್ಟರ್ ಇಂಗ್ಲಿಷಿಗೆ ತಂದರು. ಹ್ಯಾರಿಸರು ನಕ್ಕು, ಬಹಳ ಮಹತ್ವದ ಪ್ರಶ್ನೆ, ಇದೊಂದು ದೀರ್ಘ ಯಾತ್ರೆ, ನಾವೆಲ್ಲ ಜೊತೆಗಿದ್ದೇವೆ ಎಂದರು. ಜನ ಚಪ್ಪಾಳೆ ತಟ್ಟಿದರು.

ಬಾಸ್ಟನ್, ಕೊನೆಯ ಊಟ

ಊಟ ನಮ್ಮ ಹೋಟೆಲಿನಲ್ಲೇ, ಆ ಖಾಲಿ ಕುರ್ಚಿಯನ್ನೂ ಅಲ್ಲಿಗೆ ತಂದಿಟ್ಟಿದ್ದರು. ಊಟಕ್ಕೆ ಮೊದಲು ಒಬ್ಬೊಬ್ಬ ಧರ್ಮಗುರು ಒಂದೊಂದು ಪ್ರಾರ್ಥನೆ ಮಾಡಬೇಕು. ನನ್ನ ಸರದಿಯನ್ನು ಮಾರ್ಗರೇಟ್ ನೆನಪಿಸಿದರು. "ಸಿಸ್ಟರ್, ಅವರನ್ನ ಕೇಳ್ರಿ, ಯಜಮಾನರು ಯಾರಂತ" ಎಂದೆ. ಇದರಲ್ಲಿ ನನ್ನ ಕುತಂತ್ರವೇನೂ ಇರಲಿಲ್ಲ. ಅಷ್ಟೊತ್ತಿನ ಮಟ್ಟಿಗೆ ಇರಲಿಲ್ಲ. ನಮ್ಮಲ್ಲಿ ಸಂಕಲ್ಪ ಇಲ್ಲದೆ ಕರ್ಮ ಇಲ್ಲ. ಇಂಥ ನದಿಯ ಇಂಥ ದಂಡೆಯಲ್ಲಿ, ಇಂಥ ತಿಥಿಯಂದು, ಇಂಥವನು, ಇಂಥದ್ದನ್ನು ಮಾಡುತ್ತೇನೆ ಎಂದು ಬಾಯಿಬಿಟ್ಟು ಹೇಳಬೇಕು. ಹೇಳುವವನು ಭಟ್ಟನಲ್ಲ, ಯಜಮಾನ. ಊಟದ ಖರ್ಚು ಯಾರದೋ ಅವನೇ ಯಜಮಾನ. ಮಾರ್ಗರೇಟ್ ಸಂತೋಷದಿಂದ ಹ್ಯಾರಿಸರತ್ತ ಕೈ ತೋರಿಸಿದರು.

ಹೋಟೆಲಿನ ಅಂಗಳದ ಹುಲ್ಲು ಕಿತ್ತು ಪವಿತ್ರದ ಉಂಗುರ ಮಾಡಿದೆ. ಅಡಿಗೆಮನೆಯಿಂದ ಸಿಸ್ಟರ್ ಅಕ್ಕಿ ತಂದರು. ಅರಿಷಿಣ ಸಿಗಲಿಲ್ಲ, ಹಳದಿ ಬಣ್ಣದ ಮಸಾಲೆ ಪುಡಿ ಸಿಕ್ಕಿತು. ಅಕ್ಷತೆ ಪಲ್ಯದ ವಾಸನೆ ಹೊಡೆಯುತ್ತಿತ್ತು. ಹ್ಯಾರಿಸರು ಕೋಟು ಬಿಚ್ಚಿ, ಅಂಗಿಯ ತೋಳು ಮಡಚಿ, ಚಕ್ಕಳಮಕ್ಕಳ ಹಾಕಲು ಹೋಗಿ ಬೀಳುವುದರಲ್ಲಿದ್ದರು. ಫೋಟೋದವರು ಸುತ್ತುವರಿದರು. ಅವರ ಬಲಗೈಗೆ ಹುಲ್ಲಿನ ಉಂಗುರ ಹಾಕಿ, ಅಂಗೈಯಲ್ಲಿ ಅಕ್ಷತೆ ಇಟ್ಟೆ. ಒಂದೊಂದೇ ಶಬ್ದ ಹೇಳಿಸತೊಡಗಿದೆ. ಚಾರ್ಲ್ಸ್ ನದ್ಯಾಃ ದಕ್ಷಿಣೇ ತೀರೇ. ಆ ಊರಿನ ಹೊಳೆಯ ಹೆಸರು ಚಾರ್ಲ್ಸ್. ಹ್ಯಾರಿಸರು ಶಾಲೆಯ ಹುಡುಗನಂತೆ ಹೇಳಿದರು.

ಇನ್ನು, ಏನು ಮಾಡುತ್ತೇನೆ ಎಂಬುದನ್ನು ಹೇಳಿಸಬೇಕು. ಪ್ರಾರ್ಥನಾಪೂರ್ವಕ ಹೆಜ್ಜೆ ಹಾಕುತ್ತೇನೆ ಎಂಬುದಕ್ಕೆ ನನ್ನ ಬಳಿ ಸಂಸ್ಕೃತ ಇರಲಿಲ್ಲ, ಋಷಿಗಳು ಅಂಥ ಕರ್ಮವನ್ನು ಕಂಡವರಲ್ಲ. ಎದುರಿಗೆ ಆ ರಿಬ್ಬನ್ನಿನ ಕುರ್ಚಿ ಕಂಡಿತು. ಮೊದಲ ದಿನದ ಠರಾವು ಬಾಯಿಗೆ ತಾನೇ ಬಂತು. ದರಿದ್ರದೇಶೇಷು ಔಷಧಸ್ವಾಮ್ಯದಾನಂ ಕರಿಷ್ಯೇ. ಬಡ ದೇಶಗಳಲ್ಲಿ ಔಷಧದ ಹಕ್ಕನ್ನು ದಾನ ಮಾಡುತ್ತೇನೆ. ಹ್ಯಾರಿಸರು ಅದನ್ನೂ ಹೇಳಿದರು, ನಾಲಗೆ ತೊಡರಿದಾಗ ನಕ್ಕು ಮತ್ತೊಮ್ಮೆ ಹೇಳಿದರು. ನಾನು ಉದ್ಧರಣೆಯಿಂದ ನೀರು ಬಿಟ್ಟೆ. ತುಭ್ಯಮಹಂ ಸಂಪ್ರದದೇ, ನ ಮಮ. ನಿನಗೆ ಕೊಟ್ಟೆ, ಇನ್ನು ನನ್ನದಲ್ಲ. "ನ ಮಮ" ಎಂದರು ಹ್ಯಾರಿಸರು, ಸ್ಪಷ್ಟವಾಗಿ. ನೀರು ಅವರ ಬೆರಳಿನಿಂದ ತಟ್ಟೆಗೆ ಇಳಿಯಿತು.

ದಾನ ತೆಗೆದುಕೊಳ್ಳುವವರು 'ಪ್ರತಿಗೃಹ್ಣಾಮಿ', ಸ್ವೀಕರಿಸಿದೆ, ಎನ್ನಬೇಕು. ನಾನು ಖಾಲಿ ಕುರ್ಚಿಯತ್ತ ತಿರುಗಿ ಕಾದೆ. ಕುರ್ಚಿ ಏನನ್ನುತ್ತದೆ?

ಜನ ಚಪ್ಪಾಳೆ ತಟ್ಟಿದರು. ಮಾರ್ಗರೇಟ್ ಕಣ್ಣೊರೆಸಿಕೊಂಡು, ಇದರ ಅರ್ಥ ಹೇಳಿ ಎಂದು ಮೈಕನ್ನು ಸಿಸ್ಟರಿಗೆ ಕೊಟ್ಟರು. ನನ್ನನ್ನು ಕೇಳಿ ಸಿಸ್ಟರ್ ಒಂದೊಂದೇ ಸಾಲನ್ನು ಸಾವಕಾಶ ಇಂಗ್ಲಿಷಿಗೆ ತಂದರು. ಕೊನೆಯ ಸಾಲಿಗೆ ಬಂದಾಗ ಸಭೆಯಲ್ಲಿ ಮೊದಲ ಸಲ ಯಾರೂ ಹೇಳದೆಯೇ ಮೌನ ಬಂತು. ಹಿಂದಿನ ಮೇಜಿನಿಂದ ಆಫ್ರಿಕಾದ ಒಬ್ಬ ಪಾದ್ರಿ ಗಟ್ಟಿಯಾಗಿ ಆಮೆನ್ ಎಂದರು. ಹ್ಯಾರಿಸರು ಮೇಜಿನ ಕರವಸ್ತ್ರ ಎಳೆದು ಅಂಗೈ ಒರೆಸಿಕೊಂಡರು. ಬೆರಳ ಸಂದಿಯನ್ನೂ ಒರೆಸಿಕೊಂಡರು.

ಊಟ ಆದ ಮೇಲೆ ನನ್ನ ಹತ್ತಿರ ಬಂದು, ಬಹಳ ಸುಂದರ ಸಂಪ್ರದಾಯ ಎಂದು ಹೊಗಳಿದರು. ಇದಕ್ಕೆ ಕಾನೂನಿನ ಬಲ ಏನೂ ಇಲ್ಲ ತಾನೇ ಎಂದು ಕೇಳಿದರು.

"ಸಿಸ್ಟರ್, ಇವರಿಗೆ ಹೇಳ್ರಿ. ನಿಮ್ಮ ಕಾನೂನಿನ್ಯಾಗ ಇರಲಿಕ್ಕಿಲ್ಲ. ನಮ್ಮ ಕಡೆ ಈ ನೀರಿನ ಮ್ಯಾಲೆ ಹೆಣ್ಣಮಕ್ಕಳನ್ನ ಕೊಡ್ತೇವಿ."

ಸುವರ್ಣಾಳ ಮದುವೆಯಲ್ಲಿ ಅವಳ ಅಪ್ಪನ ಅಂಗೈಗೆ ನೀರು ಬಿಟ್ಟವನು ನಾನೇ. ಆ ದಾನ ತಗೊಂಡವರು ಬಾಗಿಲು ತೊಳೆದರು. ಇವರು ಅಂಗೈ ಒರೆಸಿಕೊಂಡರು.

ಮರುದಿನ ಸಭೆಯ ಪತ್ರಿಕೆಯಲ್ಲಿ ಎಲ್ಲರ ಫೋಟೋ ಬಂತು, ನಮ್ಮದು ಬರಲಿಲ್ಲ. ಮಾರ್ಗರೇಟ್ ವಿದಾಯಕ್ಕೆ ಬಂದು ನನ್ನನ್ನು ಮತ್ತೊಮ್ಮೆ ಅಪ್ಪಿಕೊಂಡರು, ಈ ಸಲ ಸ್ವಲ್ಪ ಹೆಚ್ಚು ಹೊತ್ತು. ಠರಾವು ಹೆಜ್ಜೆ ಹಾಕುತ್ತಲೇ ಉಳಿಯಿತು.

ಸ್ವಾರಗೇಟ

ಮುಂಬಯಿಯಿಂದ ಬಸ್ಸಿನಲ್ಲಿ ಬಂದು ಪುಣೆಯ ಸ್ವಾರಗೇಟಿನಲ್ಲಿ ಇಳಿದೆ. ರಿಕ್ಷಾದವನು ಮರಾಠಿಯಲ್ಲಿ, ಎಲ್ಲಿಂದ ಬಂದಿರಿ ಕಾಕಾ ಎಂದ. ಜಂಬ ತಡೆಯಲಾಗದೆ ಅಮೆರಿಕದಿಂದ ಎಂದುಬಿಟ್ಟೆ. ಅವನು ಮೀಟರಿಗೆ ಹಾಕಿದ ಕೈಯನ್ನು ಹಿಂದಕ್ಕೆ ತಗೊಂಡ. ಕೋಥರೂಡ ಮುಟ್ಟುವವರೆಗೆ ಜಗಳವಾಡಿದೆವು. ಹೇಗಿದ್ದೀರಿ ಎಂದು ಕೇಳುವವರ ನಡುವೆ ಇದ್ದು ಬಂದವನಿಗೆ ಆ ಜಗಳ ಹಿತವಾಗಿತ್ತು.

ಸುವರ್ಣಾ ಪಡಸಾಲೆಯಲ್ಲಿ ಅಕ್ಕಿ ಆರಿಸುತ್ತಿದ್ದಳು. ಹೋಗುವಾಗ ಇದ್ದದ್ದಕ್ಕಿಂತ ಬಳೆ ಸಡಿಲವಾಗಿದ್ದವು. ಇಂದಿರಾ ಚಹಾ ತಂದಳು. ನಾನು ನಾಯಿಯಿಂದ ಹಿಡಿದು ಹ್ಯಾರಿಸರ ತನಕ ಎಲ್ಲ ಹೇಳಿದೆ. ಇನ್ನು ಮುಂಬಯಿಯಲ್ಲಿ ಆ ಕಂಪನಿಯ ಆಫೀಸಿನೆದುರು ಮೋರ್ಚಾ ತೆಗೆಯುತ್ತೇವೆ ಎಂದು ಸಿಸ್ಟರ್ ಅಂದದ್ದನ್ನೂ ಹೇಳಿದೆ. ಪಲ್ಯದ ವಾಸನೆಯ ಅಕ್ಷತೆಗೆ ಸುವರ್ಣಾ ನಕ್ಕಳು, ನಗು ಕೆಮ್ಮಾಯಿತು, ಕೆಮ್ಮು ನಿಲ್ಲುವುದಕ್ಕೆ ಹೊತ್ತು ಹಿಡಿಯಿತು.

"ಯಾವಾಗ ಅಂದ್ರು ಮಾಮಾ?"

"ಯಾತ್ರಾ ಅಂದ್ರವ್ವಾ. ದಿನ ಹೇಳಲಿಲ್ಲ."

ಅವಳು ಮೊರವನ್ನು ಕೆಳಗಿಟ್ಟಳು.

"ತಗೊಳ್ಳೋರು ಇಲ್ಲಾ ಅಂದ್ರ ದಾನ ಪೂರಾ ಆಗೂದಿಲ್ಲ, ಹೌದಲ್ರೀ?"

"ಆಗೂದಿಲ್ಲ."

"ಅದಕ್ಕ ನನ್ನ ಬಿಟ್ಟಿಲ್ಲ ಒಳಗ."

ಅವಳು ಎದ್ದು ಹೋಗಿ ಕೈ ತೊಳೆದುಕೊಂಡು ಬಂದು ನನ್ನೆದುರು ಕೂತಳು. ಸೆರಗು ಹೊದ್ದು ಬಲಗೈ ಚಾಚಿದಳು.

"ಬಿಡ್ರಿ ನೀರು."

ನನ್ನ ಚೀಲದಲ್ಲಿ ಪಂಚಪಾತ್ರೆ ಇನ್ನೂ ಹಾಗೇ ಇತ್ತು. ಇಂದಿರಾ ನೀರು ಹಾಕಿದಳು. ಹ್ಯಾರಿಸರು ಹೇಳಿದ್ದನ್ನೆಲ್ಲ ಅವರ ಪರವಾಗಿ ನಾನೇ ಮತ್ತೊಮ್ಮೆ ಹೇಳಿ ಆ ಅಂಗೈಗೆ ಉದಕ ಬಿಟ್ಟೆ. ಚಿಕ್ಕಂದಿನಿಂದ ನನ್ನ ಬಾಯಿಂದ ಕೇಳಿದವಳು, ಹೇಳಿಕೊಡುವುದೇನೂ ಬೇಕಾಗಲಿಲ್ಲ.

"ಪ್ರತಿಗೃಹ್ಣಾಮಿ" ಎಂದಳು ಸುವರ್ಣಾ. "ಈಗ ಅದು ನಂದಾತಲ್ರೀ?"

"ಶಾಸ್ತ್ರದ ಪ್ರಕಾರ ನಿಂದು."

"ಹಂಗಾದ್ರ ಇನ್ನ ಅವರ ಹತ್ತರ ಇರೋದು ಕಳವಿನ ಮಾಲು. ಸಿಸ್ಟರಿಗೆ ಹೇಳ್ರಿ, ಮುಂಬಯಿ ಮೋರ್ಚಾಕ್ಕ ನಾನೂ ಬರ್ತೀನಿ ಅಂತ. ಅಲ್ಲಿಗೆ ಹೋಗ್ಲಿಕ್ಕೆ ಯಾವ ವೀಸಾನೂ ಬ್ಯಾಡ."

ಇಂದಿರಾ ಒರೆಸಿಕೊಳ್ಳಲೆಂದು ತನ್ನ ಸೆರಗಿನ ತುದಿ ಕೊಟ್ಟಳು. ಸುವರ್ಣಾ ಒಲ್ಲೆ ಎಂದಳು. ಒದ್ದೆ ಕೈಯಿಂದಲೇ ಮೊರ ಎತ್ತಿಕೊಂಡು ಒಳಗೆ ಹೋದಳು.